ಪ್ರವಾಸದಿಂದ ಪದ್ಯಕ್ಕೆ: ಪುಟ್ಟ ಮಕ್ಕಳಿಂದ ವರ್ಣನೆಯ ಪದ್ಯ ಬರೆಸುವ ಬಗೆ

ಪ್ರವಾಸದ ಮಾರನೇ ದಿನ ತರಗತಿಯಲ್ಲಿ "ನಿನ್ನೆಯ ಬಗ್ಗೆ ಒಂದು ಪದ್ಯ ಬರೆಯಿರಿ" ಅಂದರೆ ಏನು ಸಿಗುತ್ತದೆ, ಗೊತ್ತಲ್ವಾ? "ನಾವು ಬಸ್ಸಿನಲ್ಲಿ ಹೋದೆವು, ಪ್ರಾಣಿಗಳನ್ನು ನೋಡಿದೆವು, ಊಟ ಮಾಡಿದೆವು, ತುಂಬಾ ಖುಷಿಪಟ್ಟೆವು." ಮೂವತ್ತು ಮಕ್ಕಳು, ಮೂವತ್ತು ಹಾಳೆ, ಪದ್ಯ ಮಾತ್ರ ಒಂದೇ.

ಆದರೆ ಅದೇ ಮಗು ಹಿಂದಿನ ದಿನ ಕೊಳದ ದಡದಲ್ಲಿ ನಿಮ್ಮ ಕೈ ಜಗ್ಗಿ, "ಟೀಚರ್, ಆ ಆಮೆ ಅಜ್ಜನ ಥರ ಕತ್ತು ಉದ್ದ ಮಾಡ್ತು ನೋಡಿ!" ಅಂದಿತ್ತು. ಪದ್ಯ ಅಲ್ಲೇ ಇತ್ತು. ಯಾರೂ ಬರೆದುಕೊಳ್ಳಲಿಲ್ಲ, ಅಷ್ಟೇ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಪೆನ್ಸಿಲ್ ಹಿಡಿಯುವುದಕ್ಕೆ ಮುಂಚೆಯೇ ನಡೆಯುತ್ತದೆ. ಸುಮಾರು 5ರಿಂದ 10 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಶಿಕ್ಷಕರಿಗೆ ಹೇಗೋ ಹಾಗೆಯೇ ತಂದೆತಾಯಿಗೂ ಇದು ಬಳಕೆಗೆ ಬರುತ್ತದೆ. ಹೋಗುವ ಜಾಗ ಮೃಗಾಲಯವಾಗಲಿ, ವಸ್ತುಸಂಗ್ರಹಾಲಯವಾಗಲಿ, ತೋಟವಾಗಲಿ, ಅಗ್ನಿಶಾಮಕ ಠಾಣೆಯಾಗಲಿ, ದಾರಿ ಒಂದೇ.

ಹೋಗುವ ಮುಂಚೆ: ನೋಡುವುದನ್ನು ಅಭ್ಯಾಸ ಮಾಡಿಸಿ

ಪ್ರವಾಸಕ್ಕೆ ಎರಡು ಮೂರು ದಿನ ಇರುವಾಗ ಹತ್ತು ನಿಮಿಷದ ಒಂದು ಆಟ ಆಡಿಸಿ. ಪ್ರತಿ ಮಗುವಿನ ಕೈಗೆ ಒಂದು ಎಲೆಯನ್ನೋ ಕಲ್ಲನ್ನೋ ಕೊಡಿ. ಎರಡು ನಿಮಿಷ ಅದನ್ನು ತಿರುಗಿಸಿ ಮುರುಗಿಸಿ ನೋಡಲಿ. ಆಮೇಲೆ ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿ ಕಲಸಿ, "ನಿನ್ನ ಎಲೆ ಯಾವುದು, ಹುಡುಕು" ಅನ್ನಿ. ಬಹಳ ಮಕ್ಕಳು ಹುಡುಕಿಬಿಡುತ್ತಾರೆ. "ಇದೇ ನಂದು ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿ. "ತುದಿಯಲ್ಲಿ ಹುಳ ತಿಂದ ತೂತಿದೆ", "ಒಂದು ಬದಿ ಮಡಚಿಕೊಂಡಿದೆ" ಅನ್ನುತ್ತಾರೆ. ವರ್ಣನೆ ಅಂದರೆ ಇದೇ. ಬೇರೆ ಎಲೆಗಳಿಂದ ಈ ಎಲೆಯನ್ನು ಬೇರೆ ಮಾಡುವ ಮಾತು. ವ್ಯಾಖ್ಯೆ ಹೇಳಿಕೊಡುವುದಕ್ಕಿಂತ ಈ ಆಟ ಚೆನ್ನಾಗಿ ಕಲಿಸುತ್ತದೆ.

ಇನ್ನೊಂದು ತಯಾರಿ ಮಾತಿನದ್ದು. ಕನ್ನಡದಲ್ಲಿ ಬರೆಯುವ ಮಗುವಿನ ಕೈಯಲ್ಲಿ ಒಂದು ದೊಡ್ಡ ನಿಧಿ ಇದೆ. ಸದ್ದನ್ನೋ ಅನುಭವವನ್ನೋ ಮಾತಿನಲ್ಲಿ ಅನುಕರಿಸುವ ಪದಗಳು ಅವು, ವ್ಯಾಕರಣದಲ್ಲಿ ಅನುಕರಣಾವ್ಯಯ ಅನ್ನುತ್ತಾರೆ. ಜುಳುಜುಳು, ಪಟಪಟ, ಸರಸರ, ದಬದಬ ಎಲ್ಲ ಕಿವಿಗೆ. ಆದರೆ ಇವು ಕಿವಿಯಲ್ಲೇ ನಿಲ್ಲುವುದಿಲ್ಲ. ಥಳಥಳ, ಮಿಣಮಿಣ, ಪಿಳಿಪಿಳಿ ಕಣ್ಣಿಗೆ. ಘಮಘಮ ಮೂಗಿಗೆ. ಚುರುಚುರು ಚರ್ಮಕ್ಕೆ. ಗಡಗಡ ಇಡೀ ಮೈಗೆ. ಮಕ್ಕಳಿಗೆ ಇವು ಆಗಲೇ ಗೊತ್ತು, ಮನೆಯಲ್ಲಿ ದಿನಾ ಆಡುತ್ತಾರೆ. ಬರವಣಿಗೆಯಲ್ಲಿ ಬಳಸಬಹುದು ಅಂತ ಮಾತ್ರ ಗೊತ್ತಿಲ್ಲ. ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿ, ಎಲ್ಲರೂ ಸೇರಿ ಇಂಥ ಮಾತುಗಳನ್ನು ತುಂಬಿಸಿ. ಮಕ್ಕಳೇ ಹೊಸದು ಕಟ್ಟಿದರೆ ಅದನ್ನೂ ಬರೆಯಿರಿ. ಒಬ್ಬಳು ಒಣ ಎಲೆ ತುಳಿದ ಸದ್ದಿಗೆ "ಚುರ್ಮುರ್" ಅಂದರೆ ತಿದ್ದಬೇಡಿ.

ಬಣ್ಣಕ್ಕೂ ಹೀಗೆಯೇ. "ಹಸಿರು" ಅಂದಾಗ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿ. ತಿಳಿಹಸಿರಾ, ಗಿಳಿಹಸಿರಾ, ಪಾಚಿ ಹಸಿರಾ?

ಒಯ್ಯಲು ಬೇಕಾಗುವುದು ಸ್ವಲ್ಪ. ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ನಾಲ್ಕು ಮನೆಗಳಲ್ಲಿ ಕಣ್ಣು, ಕಿವಿ, ಮೂಗು, ಕೈ ಚಿತ್ರ ಬರೆಯಿಸಿ. ಅಡಿಗೆ ಒಂದು ರಟ್ಟು. ಪೆನ್ಸಿಲ್ಲಿಗೆ ದಾರ ಕಟ್ಟಿ ರಟ್ಟಿಗೆ ಸೇರಿಸಿಬಿಡಿ, ಇಲ್ಲದಿದ್ದರೆ ಅರ್ಧ ದಿನ ಪೆನ್ಸಿಲ್ ಹುಡುಕುವುದರಲ್ಲೇ ಹೋಗುತ್ತದೆ. ನಾಲಿಗೆಗೆ ಮನೆ ಇಲ್ಲ ಅನ್ನುವುದನ್ನು ಗಮನಿಸಿ. ಹೊರಗೆ ಕಂಡ ಎಲೆ, ಕಾಯಿ ಯಾವುದನ್ನೂ ಬಾಯಿಗೆ ಹಾಕಬಾರದು. ಅದನ್ನು ಮೊದಲೇ ಹೇಳಿಬಿಡಿ.

ಅಲ್ಲಿದ್ದಾಗ: ಒಂದು ಜಾಗ, ಒಂದು ವಸ್ತು, ಸ್ವಲ್ಪ ಮೌನ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಈ ಹಂತದಲ್ಲಿದೆ.

ಪ್ರವಾಸದಲ್ಲಿ ಮಕ್ಕಳು ಒಂದರಿಂದ ಇನ್ನೊಂದಕ್ಕೆ ಓಡುತ್ತಾರೆ. ಓಡಲಿ, ಅದು ಅವರ ಹಕ್ಕು. ಆದರೆ ದಿನದಲ್ಲಿ ಒಂದೇ ಒಂದು ಸಲ, ಹದಿನೈದು ನಿಮಿಷ, ಎಲ್ಲರನ್ನೂ ಒಂದು ಜಾಗದಲ್ಲಿ ಕೂರಿಸಿ. ಓಡಾಡಿ ಸ್ವಲ್ಪ ದಣಿದ ಮೇಲೆ ಕೂರಿಸಿದರೆ ಒಳ್ಳೆಯದು. ಬಂದ ತಕ್ಷಣ ಕೂರಿಸಿದರೆ ಮನಸ್ಸು ಎಲ್ಲೋ ಇರುತ್ತದೆ.

ಮೊದಲು ಎರಡು ನಿಮಿಷ ಕಣ್ಣು ಮುಚ್ಚಿ ಕೇಳುವುದು. ಆಮೇಲೆ ಸದ್ದಿನ ನಕ್ಷೆ ಬರೆಯಬಹುದು. ಹಾಳೆಯ ನಡುವೆ ಒಂದು ಚುಕ್ಕಿ, ಅದು 'ನಾನು'. ಸದ್ದು ಯಾವ ಕಡೆಯಿಂದ, ಎಷ್ಟು ದೂರದಿಂದ ಬಂತೋ ಅಲ್ಲಿ ಒಂದು ಗುರುತು. ಅಕ್ಷರ ಇನ್ನೂ ಸರಿಯಾಗಿ ಬಾರದ ಮಗುವೂ ಇದನ್ನು ಮಾಡಬಲ್ಲದು. ಹಿಂದೆ ಗುಂಯ್ ಅಂದದ್ದು, ಮೇಲೆ ಕಿಚಿಪಿಚಿ ಅಂದದ್ದು, ದೂರದಲ್ಲಿ ಯಾರೋ ಕೆಮ್ಮಿದ್ದು ಎಲ್ಲವೂ ಹಾಳೆಗೆ ಬರುತ್ತವೆ. ಆ ಕೆಮ್ಮನ್ನು ಅಳಿಸಬೇಡಿ. ಪದ್ಯಕ್ಕೆ ನಿಜ ತರುವುದು ಅಂಥ ಸಣ್ಣ ಸಂಗತಿಗಳೇ.

ಆಮೇಲೆ ಪ್ರತಿ ಮಗು ಒಂದು ವಸ್ತುವನ್ನು ಆರಿಸಿಕೊಳ್ಳಲಿ. ಒಂದೇ. ಇಡೀ ಮೃಗಾಲಯ ಬೇಡ, ಒಂದು ಆಮೆ ಸಾಕು. ಇಡೀ ಅಗ್ನಿಶಾಮಕ ವಾಹನವೂ ಬೇಡ, ಸುತ್ತಿಟ್ಟ ಪೈಪು ಸಾಕು. ಮಗುವಿಗೆ ಆರಿಸಲು ಕಷ್ಟವಾದರೆ ರಟ್ಟಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಿಂಡಿ ಕತ್ತರಿಸಿ ಕೊಡಿ. ಅದರ ಮೂಲಕ ನೋಡಿದರೆ ಜಗತ್ತು ಚಿಕ್ಕದಾಗುತ್ತದೆ, ಕಣ್ಣು ಒಂದು ಕಡೆ ನಿಲ್ಲುತ್ತದೆ.

ಈಗ ನಿಮ್ಮ ಸರದಿ. ನಿಮ್ಮ ಕೆಲಸ ವಿವರಿಸುವುದಲ್ಲ, ಕೇಳುವುದು. "ಚೆನ್ನಾಗಿದೆಯಾ?" ಅಂದರೆ "ಹೂಂ" ಅನ್ನುತ್ತದೆ ಮಗು, ಮಾತು ಅಲ್ಲಿಗೆ ಮುಗಿಯಿತು. ಬದಲಿಗೆ ಹೀಗೆ ಕೇಳಿ: ಅದರ ಯಾವ ಭಾಗ ಅಲ್ಲಾಡ್ತಿದೆ? ಯಾವ ಭಾಗ ಸುಮ್ನೆ ಇದೆ? ಮುಟ್ಟಿದರೆ ಹೇಗಿರಬಹುದು? ಇದು ಯಾವುದರ ಥರ ಕಾಣುತ್ತೆ? ನೀನು ಬರುವ ಮುಂಚೆ ಇದು ಏನು ಮಾಡ್ತಿತ್ತು?

ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. "ಆನೆ ಕಿವಿ ಬೀಸಣಿಗೆ" ಅಂದರೆ "ಆನೆಯ ಕಿವಿಗಳು ಬೀಸಣಿಗೆಯಂತೆ ಇದ್ದವು" ಅಂತ ಸರಿಪಡಿಸಬೇಡಿ. ಮಗುವಿನ ಮಾತಿನಲ್ಲಿ ಇದ್ದ ಬೀಸು ನಿಮ್ಮ ವಾಕ್ಯದಲ್ಲಿ ಸತ್ತುಹೋಗುತ್ತದೆ. ನಿಮ್ಮ ಜೇಬಿನಲ್ಲೂ ಒಂದು ಚಿಕ್ಕ ಪುಸ್ತಕ ಇರಲಿ. ಓಡಾಡುವಾಗ, ಬಸ್ಸಿನಲ್ಲಿ, ಕೈ ತೊಳೆಯುವಾಗ ಮಕ್ಕಳ ಬಾಯಿಂದ ಬೀಳುವ ಮಾತುಗಳನ್ನು ಹೆಸರಿನ ಸಮೇತ ಬರೆದಿಡಿ. ಮಾರನೇ ದಿನ ಅವು ಚಿನ್ನವಾಗುತ್ತವೆ.

ಫೋಟೋ ಕಡಿಮೆ ತೆಗೆಯಿರಿ. ಫೋಟೋ ಎದುರಿಗಿಟ್ಟರೆ ಮಗು ಅದನ್ನು ನೋಡಿ ಬರೆಯುತ್ತದೆ. ಅದರಲ್ಲಿ ವಾಸನೆಯೂ ಇಲ್ಲ, ಸದ್ದೂ ಇಲ್ಲ. ಅದಕ್ಕಿಂತ ಮರದ ತೊಗಟೆಯ ಮೇಲೆ ಹಾಳೆ ಇಟ್ಟು ಬಣ್ಣದ ಕ್ರೇಯಾನ್‌ನಿಂದ ಉಜ್ಜಿಸಿ. ಆ ಒರಟು ಗುರುತು ಮಾರನೇ ದಿನ ಕೈಬೆರಳಿಗೆ ಎಲ್ಲವನ್ನೂ ನೆನಪಿಸುತ್ತದೆ.

ಮರಳಿದ ಮೇಲೆ: ಮೊದಲು ಮಾತು

ತಡ ಮಾಡಬೇಡಿ. ಅದೇ ದಿನ ಸಂಜೆ ಇಲ್ಲವೇ ಮಾರನೇ ದಿನ ಬೆಳಿಗ್ಗೆ. ವಾರ ಕಳೆದರೆ ಉಳಿಯುವುದು "ಹೋದೆವು, ಬಂದೆವು" ಮಾತ್ರ.

ಎಲ್ಲರನ್ನೂ ಸುತ್ತ ಕೂರಿಸಿ ನಿಮ್ಮ ಪುಸ್ತಕದಿಂದ ಓದಿ. "ಆಮೆ ಅಜ್ಜನ ಥರ ಕತ್ತು ಉದ್ದ ಮಾಡ್ತು. ಇದನ್ನು ಹೇಳಿದ್ದು ಯಾರು?" ಹೇಳಿದವರ ಮುಖ ನೋಡಿ, ಅರಳಿರುತ್ತದೆ. ತನ್ನ ಬಾಯಿಮಾತು ಬರೆಯುವಷ್ಟು ಬೆಲೆಯುಳ್ಳದ್ದು ಅಂತ ಮಗುವಿಗೆ ಗೊತ್ತಾಗುವುದು ಆ ಕ್ಷಣದಲ್ಲಿ. ಉಳಿದವರೂ ತಮ್ಮ ನಾಲ್ಕು ಮನೆಯ ಹಾಳೆ ನೋಡಿ ಹೇಳಲಿ, ನೀವು ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ.

ಮೊದಲ ಬರಹ

5, 6 ವರ್ಷದವರು ಹೇಳಲಿ, ನೀವು ಬರೆಯಿರಿ. ಅಕ್ಷರ ತಿದ್ದುವ ಕಷ್ಟದಲ್ಲಿ ಹೇಳಬೇಕಾದ್ದು ಮರೆತುಹೋಗುತ್ತದೆ. ಇಡೀ ಗುಂಪು ಸೇರಿ ಒಂದೇ ಪದ್ಯ ಕಟ್ಟಿದರೂ ಆಯಿತು, ಒಬ್ಬೊಬ್ಬರದು ಒಂದೊಂದು ಸಾಲು.

7, 8 ವರ್ಷದವರಿಗೆ ಸಾಲಿನ ಆರಂಭ ಕೊಡಬಹುದು. 'ಹತ್ತಿರ ಹೋದಾಗ…', 'ಅದರ ಬೆನ್ನ ಮೇಲೆ…', 'ಯಾರೂ ನೋಡದಿದ್ದಾಗ…', 'ಕಿವಿಗೊಟ್ಟರೆ…'. 'ನಾನು ನೋಡಿದೆ, ನಾನು ಕೇಳಿದೆ' ಅನ್ನುವ ಆರಂಭ ನನಗೆ ಅಷ್ಟು ಹಿಡಿಸುವುದಿಲ್ಲ. ಸುಲಭ ನಿಜ, ಆದರೆ ಪ್ರತಿ ಸಾಲಿನಲ್ಲೂ 'ನಾನು' ಬಂದು ಆಮೆಗೆ ಅಡ್ಡ ನಿಲ್ಲುತ್ತದೆ.

9, 10 ವರ್ಷದವರಿಗೆ ಒಂದೇ ನಿಯಮ: ಬಸ್ಸಿನಿಂದ ಶುರು ಮಾಡಬೇಡಿ. ಆ ವಸ್ತುವಿನ ಎದುರಿಗೆ ನಿಂತ ಕ್ಷಣದಿಂದಲೇ ಶುರು ಮಾಡಿ.

ಈ ಹಂತದಲ್ಲಿ ಪ್ರಾಸ ಬೇಡ, ಕಾಗುಣಿತದ ತಿದ್ದುಪಡಿಯೂ ಬೇಡ. 'ಘಮಘಮ' ಬದಲು 'ಗಮಗಮ' ಬರೆದರೆ ಇರಲಿ. ಅಕ್ಷರ ತಪ್ಪೀತು ಅಂತ ಹೆದರಿದ ಮಗು ತನಗೆ ಬರುವ ಸುಲಭದ ಪದಗಳನ್ನೇ ಆರಿಸಿಕೊಳ್ಳುತ್ತದೆ. ಪದ್ಯ ಸಪ್ಪೆಯಾಗುವುದಕ್ಕೆ ಇದೂ ಒಂದು ಕಾರಣ.

ತಿದ್ದುವುದು: ಕೇಳಿ, ಹೇಳಿಕೊಡಬೇಡಿ

ಒಂದು ಉದಾಹರಣೆ ನೋಡೋಣ. ಮಗು ಬರೆದದ್ದು:

ಕೊಳದಲ್ಲಿ ಸುಂದರವಾದ ಬಾತುಕೋಳಿ ಇತ್ತು.
ಅದು ನೀರಿನಲ್ಲಿ ಈಜುತ್ತಿತ್ತು.
ನನಗೆ ತುಂಬಾ ಖುಷಿಯಾಯಿತು.

ತಪ್ಪೇನೂ ಇಲ್ಲ. ಆದರೆ ಯಾವ ಕೊಳದ ಯಾವ ಬಾತುಕೋಳಿಗೂ ಇದು ಸಲ್ಲುತ್ತದೆ. ಪಕ್ಕದಲ್ಲಿ ಕೂತು ಮಾತಾಡಿಸಿ. "ಸುಂದರ ಅಂದೆಯಲ್ಲ, ಏನು ನೋಡಿ ಹಾಗನ್ನಿಸಿತು?" "ಕಾಲು." "ಕಾಲು ಹೇಗೆ ಕಂಡಿತು, ನೀರೊಳಗಿತ್ತಲ್ಲ?" "ಇಲ್ಲ ಟೀಚರ್, ಅದು ತಲೆ ಕೆಳಗೆ ಹಾಕ್ತು, ಬಾಲ ಮೇಲೆ ಮಾಡ್ತು!" "ಆಗ ಕಾಲು ಏನು ಮಾಡ್ತಿತ್ತು?" "ಪಟಪಟ ಒದೀತಿತ್ತು." "ಮೇಲೆ ಬಂದಾಗ ಮೈ ಒದ್ದೆಯಾಗಿತ್ತಾ?" "ಇಲ್ಲ, ನೀರು ಉರುಳಿ ಹೋಯ್ತು."

ಅರ್ಧ ಗಂಟೆಯ ನಂತರ ಅದೇ ಹಾಳೆಯಲ್ಲಿ:

ತಲೆ ನೀರಿನೊಳಗೆ
ಬಾಲ ಆಕಾಶಕ್ಕೆ
ಎರಡು ಕಿತ್ತಳೆ ಕಾಲು
ಪಟಪಟ ಪಟಪಟ
ಮೇಲೆ ಬಂತು ಬಾತುಕೋಳಿ
ಬೆನ್ನಿನಿಂದ ಉರುಳಿತು ನೀರು
ಮಣಿ ಮಣಿ ಮಣಿ

ಇಲ್ಲಿ ಒಂದು ಪದವೂ ದೊಡ್ಡವರದ್ದಲ್ಲ. 'ಸುಂದರ' ಹೋಯಿತು, 'ಖುಷಿ' ಹೋಯಿತು, ಆದರೆ ಓದಿದವರಿಗೆ ಎರಡೂ ಸಿಗುತ್ತವೆ. ಇಂಥ ಹೊತ್ತಿನಲ್ಲಿ ಒಂದು ನಿಜ ಸಂಗತಿಯನ್ನೂ ಜೊತೆಗೆ ಹೇಳಬಹುದು. ಬಾತುಕೋಳಿ ತನ್ನ ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಗರಿಗಳಿಗೆ ಸವರಿಕೊಳ್ಳುತ್ತದೆ. ಗರಿಗಳ ಒತ್ತಾದ ಹೆಣಿಗೆಯೂ ಸೇರಿ ನೀರು ಒಳಗಿಳಿಯದೆ ಜಾರಿಹೋಗುತ್ತದೆ. ಮಗು ಕಣ್ಣಾರೆ ಕಂಡದ್ದಕ್ಕೆ ಕಾರಣ ಸಿಕ್ಕರೆ ಇನ್ನೂ ಎರಡು ಸಾಲು ಬಂದೀತು.

ಹೋಲಿಕೆಗೆ ಒಂದು ಉಪಾಯ. ಮೊದಲು ಬರುವ ಹೋಲಿಕೆ ಸಾಮಾನ್ಯವಾಗಿ ಎಲ್ಲರದ್ದೂ ಆಗಿರುತ್ತದೆ. ಹಾಲಿನಂತೆ ಬಿಳುಪು, ಚೆಂಡಿನಂತೆ ದುಂಡು. ಅದನ್ನು ಬೇಡ ಅನ್ನಬೇಡಿ, "ಇನ್ನೆರಡು ಹೇಳು" ಅನ್ನಿ. ಮೂರನೆಯದು ಹೆಚ್ಚಾಗಿ ಮಗುವಿನ ಸ್ವಂತದ್ದು. ಬಸವನಹುಳುವಿಗೆ ಮೊದಲು "ಕಲ್ಲಿನ ಹಾಗೆ", ಆಮೇಲೆ "ಮನೆ ಹೊತ್ತ ಹಾಗೆ", ಕೊನೆಗೆ "ಅಕ್ಕ ಸ್ಕೂಲ್ ಬ್ಯಾಗ್ ಹೊತ್ತು ಬೆಟ್ಟ ಹತ್ತಿದ ಹಾಗೆ".

ಆಮೇಲೆ ಕಳೆಯುವ ಕೆಲಸ. ಸುಂದರ, ಚೆನ್ನಾಗಿ, ತುಂಬಾ, ಅದ್ಭುತ ಎಂಬ ನಾಲ್ಕು ಪದಗಳ ಮೇಲೆ ಮಗುವೇ ಗೆರೆ ಎಳೆಯಲಿ. ಜಾಗ ಖಾಲಿಯಾಯಿತಲ್ಲ, ಅಲ್ಲಿಗೆ ಏನು ಬರಬೇಕು ಅಂತ ನಾಲ್ಕು ಮನೆಯ ಹಾಳೆಯಲ್ಲಿ ಹುಡುಕಲಿ.

ಸಾಲು ಎಲ್ಲಿ ಮುರಿಯಬೇಕು ಅನ್ನುವುದನ್ನು ಕಿವಿಗೆ ಬಿಡಿ. ಮಗು ಜೋರಾಗಿ ಓದಲಿ, ಉಸಿರು ನಿಂತಲ್ಲಿ ಪೆನ್ಸಿಲ್‌ನಿಂದ ಒಂದು ಗೀಟು ಹಾಕಲಿ. ಹೆಚ್ಚಿನ ಸಲ ಅದೇ ಸರಿಯಾದ ಜಾಗ.

ಪ್ರಾಸದ ಮಾತು

ಪ್ರಾಸ ಇಲ್ಲದಿದ್ದರೆ ಅದು ಪದ್ಯವೇ ಅಲ್ಲ ಅಂತ ಮಕ್ಕಳು ನಂಬಿರುತ್ತಾರೆ. ಕನ್ನಡದಲ್ಲಿ ಇದಕ್ಕೆ ಒಂದು ವಿಶೇಷ ತೊಂದರೆ ಇದೆ. ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ಹೋದೆವು, ನೋಡಿದೆವು, ಆಡಿದೆವು. ಬಂದಿತು, ನಿಂದಿತು, ತಿಂದಿತು. ಪ್ರಾಸ ಬಿಟ್ಟಿಯಾಗಿ ಸಿಕ್ಕಿಬಿಡುತ್ತದೆ. ಕಷ್ಟಪಡದೆ ಸಿಕ್ಕಿದ್ದರಿಂದ ಕಿವಿಗೆ ರುಚಿಯೂ ಇರುವುದಿಲ್ಲ, ಪದ್ಯವೆಲ್ಲ ಒಂದೇ ಟಕ್ ಟಕ್.

ಪರಿಹಾರ ಸುಲಭ. ಕ್ರಿಯಾಪದವನ್ನು ಬಿಟ್ಟುಬಿಡಿ, ಇಲ್ಲವೇ ಮುಂದಕ್ಕೆ ತನ್ನಿ. 'ಬಾತುಕೋಳಿ ಮೇಲೆ ಬಂತು' ಅನ್ನುವುದು 'ಮೇಲೆ ಬಂತು ಬಾತುಕೋಳಿ' ಆದರೆ ಸಾಲಿನ ಕೊನೆಯಲ್ಲಿ ಹಕ್ಕಿಯೇ ಕಾಣುತ್ತದೆ.

9, 10 ವರ್ಷದವರಿಗೆ ಪ್ರಾಸದ ಆಸೆ ಜಾಸ್ತಿ ಇದ್ದರೆ ಹಳೆಯ ಕನ್ನಡ ಕವಿಗಳ ದಾರಿ ತೋರಿಸಿ. ಅವರು ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ಅದನ್ನೇ ಆಟ ಮಾಡಬಹುದು:

ಹಕ್ಕಿ ಬಂತು
ಪಕ್ಕದಲ್ಲೇ ಕೂತಿತು
ಕೊಕ್ಕಿನಲ್ಲಿ ಹುಳ
ಬೆಕ್ಕು ನೋಡಲಿಲ್ಲ

ನಾಲ್ಕೂ ಸಾಲಿನಲ್ಲಿ 'ಕ್ಕ'. ಮೊದಲು ಪದಗಳ ಪಟ್ಟಿ ಮಾಡಿ, ಆಮೇಲೆ ಸಾಲು ಕಟ್ಟಲಿ. ಆದರೆ ಪ್ರಾಸಕ್ಕೋಸ್ಕರ ಕಾಣದ ಬೆಕ್ಕನ್ನು ತಂದು ಕೂರಿಸಿದರೆ "ಬೆಕ್ಕು ನಿಜವಾಗಲೂ ಇತ್ತಾ?" ಅಂತ ಕೇಳಿ.

ಹಿಡಿದಿಡಲು ಕೆಲವು ಅಚ್ಚುಗಳು

ಖಾಲಿ ಹಾಳೆ ಕಂಡರೆ ಹೆದರುವ ಮಕ್ಕಳಿಗೆ ಒಂದು ಅಚ್ಚು ಧೈರ್ಯ ಕೊಡುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಐದು ಸಾಲಿನದು. ಸಾಲಿಗೆ 1, 2, 3, 4, 1 ಪದ. ಇದನ್ನು ಒಗಟಿನ ಹಾಗೆ ಮಾಡಿದರೆ ಮಕ್ಕಳು ಬಿಡುವುದೇ ಇಲ್ಲ, ಕೊನೆಯ ಪದವೇ ಉತ್ತರ. ವಸ್ತುಸಂಗ್ರಹಾಲಯದಿಂದ ಬಂದ ಮೇಲೆ ಹೀಗೆ ಬರೆಯಬಹುದು:

ಮೂಳೆ
ಕಂದು ಬಣ್ಣ
ಗಾಜಿನೊಳಗೆ ಸುಮ್ನೆ ಮಲಗಿದೆ
ನನ್ನ ಕೈಗಿಂತ ಎಷ್ಟೋ ಉದ್ದ
ಆನೆ

ಜಪಾನಿನಿಂದ ಬಂದ ಮೂರು ಸಾಲಿನ ಪುಟ್ಟ ಪದ್ಯ, ಹೈಕುವೂ ಒಳ್ಳೆಯದು. ಕನ್ನಡದಲ್ಲಿ 5, 7, 5 ಅಕ್ಷರ ಎಣಿಸಿದರೆ ಆಯಿತು. ಒತ್ತಕ್ಷರ ಇದ್ದರೂ ಅದು ಒಂದೇ ಅಕ್ಷರ, ಚಪ್ಪಾಳೆ ತಟ್ಟಿ ಎಣಿಸಲಿ:

ಕೊಳದ ಬದಿ
ಕಪ್ಪೆ ಕಣ್ಣು ಮುಚ್ಚಿದೆ
ನಾನೂ ಮುಚ್ಚಿದೆ

'ಮುಚ್ಚಿದೆ' ಕಪ್ಪೆಗೂ ಸಲ್ಲುತ್ತದೆ, ನನಗೂ ಸಲ್ಲುತ್ತದೆ. ಇಂಥ ಪದ ಸಿಕ್ಕಾಗ ಮಕ್ಕಳಿಗೆ ತೋರಿಸಿ, ನಮ್ಮ ಮಾತು ಎಷ್ಟು ಚೆನ್ನಾಗಿ ಆಟ ಆಡುತ್ತದೆ ಅಂತ ಅವರಿಗೂ ಗೊತ್ತಾಗಲಿ.

ಹೆಸರಿನ ಒಂದೊಂದು ಅಕ್ಷರದಿಂದ ಒಂದೊಂದು ಸಾಲು ಶುರು ಮಾಡುವ ಪದ್ಯವನ್ನು ಬಹಳ ಕಡೆ ಬರೆಸುತ್ತಾರೆ. ಕನ್ನಡದಲ್ಲಿ ಸ್ವಲ್ಪ ಎಚ್ಚರ ಬೇಕು. 'ಕೊಳ' ಅಂತ ಕೊಟ್ಟರೆ 'ಳ'ದಿಂದ ಶುರುವಾಗುವ ಪದ ಎಲ್ಲಿಂದ ತರುವುದು? 'ಅಣಬೆ'ಯಲ್ಲಿ 'ಣ' ಇದೆ. 'ಕಪ್ಪೆ'ಯಲ್ಲಿ ಒತ್ತಕ್ಷರ. ಆ ಅಕ್ಷರ ಸಾಲಿನ ಎಲ್ಲಿಯಾದರೂ ಬಂದರೆ ಸಾಕು, ಬಂದಲ್ಲಿ ಬಣ್ಣ ಹಚ್ಚಬಹುದು ಅಂತ ನಿಯಮ ಸಡಿಲ ಮಾಡಿ. ಚಿತ್ರದ ಆಕಾರದಲ್ಲಿ ಬರೆಯುವ ಪದ್ಯ ತೀರ ಚಿಕ್ಕವರಿಗೆ ಇಷ್ಟ. ಬಸವನಹುಳುವಿನ ಸಾಲು ಸುರುಳಿಯಾಗಿ, ಜಲಪಾತದ ಸಾಲು ಮೇಲಿಂದ ಕೆಳಗೆ. ಬರಹ ಮುಗಿದ ಮೇಲೆ ಆಕಾರ ಕೊಡಿಸಿ, ಮೊದಲೇ ಕೊಟ್ಟರೆ ಗಮನವೆಲ್ಲ ಚಿತ್ರದ ಮೇಲೇ ಹೋಗುತ್ತದೆ.

ಸಿಕ್ಕಿಕೊಳ್ಳುವ ಮಕ್ಕಳು

"ಬರೆಯೋಕೆ ಏನೂ ಇಲ್ಲ" ಅನ್ನುವ ಮಗುವಿಗೆ "ನಿನಗೆ ಬೇಜಾರಾದದ್ದು ಏನು?" ಅಂತ ಕೇಳಿ. ಶೂ ಕಚ್ಚಿದ್ದು, ಬಿಸಿಲು ಸುಟ್ಟದ್ದು, ಬಸ್ಸಿನಲ್ಲಿ ವಾಂತಿ ಬಂದದ್ದು. ಅವೂ ಪ್ರವಾಸವೇ. ಬಸ್ಸಿನ ಕಿಟಕಿಯ ಬಗ್ಗೆ, ಹೊಟ್ಟೆಯೊಳಗೆ ಆದ ಗುಡುಗುಡು ಬಗ್ಗೆ ಬಹಳ ನಿಜವಾದ ಪದ್ಯ ಬರಬಹುದು. ಹೆದರಿದ ಮಗು ಹೆದರಿಕೆಯನ್ನೇ ಬರೆಯಲಿ, ಸಿಂಹವನ್ನು ಹೊಗಳಬೇಕು ಅಂತ ಯಾರೂ ಹೇಳಿಲ್ಲ.

ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ ಒಂದು ಪದ ಕನ್ನಡದಲ್ಲಿ ತೋಚದಿದ್ದರೆ ಮನೆಯ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಅದರ ಅರ್ಥವನ್ನು ಉಳಿದವರಿಗೆ ಆ ಮಗುವೇ ಹೇಳಲಿ. ಮನೆಯ ಆಡುಮಾತಿಗೂ ಇದೇ ಮಾತು.

ಜ್ವರ ಬಂದು ಪ್ರವಾಸಕ್ಕೆ ಬಾರದ ಮಗುವನ್ನು ಸುಮ್ನೆ ಕೂರಿಸಬೇಡಿ. ಗೆಳೆಯರನ್ನು ಪ್ರಶ್ನೆ ಕೇಳಿ ಬರೆದುಕೊಳ್ಳುವ ಕೆಲಸ ಕೊಡಿ. "ಅದರ ವಾಸನೆ ಹೇಗಿತ್ತು?" ಅಂತ ಆ ಮಗು ಕೇಳಿದಾಗ, ಹೋಗಿ ಬಂದವರಿಗೂ ಮರೆತದ್ದು ನೆನಪಾಗುತ್ತದೆ.

ಓದುವ ದಿನ

ಅಂತಿಮ ಪ್ರತಿ ಬರೆಯುವಾಗ ಕಾಗುಣಿತ ತಿದ್ದಿಸಿ, ಈಗ ಅದಕ್ಕೆ ಸರಿಯಾದ ಹೊತ್ತು. ಆಮೇಲೆ ಎಲ್ಲರೂ ಗಟ್ಟಿಯಾಗಿ ಓದಲಿ. ಒಬ್ಬರು ಓದುವಾಗ ಉಳಿದವರು ಪದ್ಯದಲ್ಲಿರುವ ಸದ್ದುಗಳನ್ನು ಮಾಡಬಹುದು. ಪಟಪಟ ಬಂದಾಗ ತೊಡೆ ತಟ್ಟುವುದು, ಸರಸರ ಬಂದಾಗ ಅಂಗೈ ಉಜ್ಜುವುದು. ನಾಚುವ ಮಗುವಿಗೂ ಆಗ ಧ್ವನಿ ಬರುತ್ತದೆ.

ಅಂಕ ಕೊಡಬೇಡಿ, ಇದು ನನ್ನ ಕೋರಿಕೆ. "ವೆರಿ ಗುಡ್" ಅಂತಲೂ ಬರೆಯಬೇಡಿ. ಯಾವ ಸಾಲು ನಿಮ್ಮನ್ನು ಹಿಡಿದು ನಿಲ್ಲಿಸಿತೋ ಅದರ ಕೆಳಗೆ ಗೆರೆ ಎಳೆದು, "ಇದನ್ನು ಓದಿದಾಗ ನನಗೆ ನೀರಿನ ಮಣಿ ಕಾಣಿಸಿತು" ಅಂತ ಬರೆಯಿರಿ.

ಪದ್ಯಗಳನ್ನು ಗೋಡೆಗೆ ಹಾಕುವಾಗ ಪಕ್ಕದಲ್ಲೇ ಆ ನಾಲ್ಕು ಮನೆಯ ಹಾಳೆಯನ್ನೂ ಹಾಕಿ. ಮಣ್ಣಿನ ಬೆರಳಚ್ಚು ಬಿದ್ದದ್ದು, ಮಳೆ ಹನಿ ತಾಗಿ ಅಕ್ಷರ ಕದಡಿದ್ದು, ಯಾವುದಿದ್ದರೂ ಹಾಗೆಯೇ ಇರಲಿ. ನೋಡಲು ಬಂದವರು ಪದ್ಯ ಓದಿ, ಆಮೇಲೆ ಹಾಳೆ ನೋಡಿ, 'ಚುರ್ಮುರ್' ಅನ್ನುವ ಪದ ಎಲ್ಲಿಂದ ಬಂತು ಅಂತ ಬೆರಳಿಟ್ಟು ಹುಡುಕುತ್ತಾರೆ. ಹೇಳಿಕೊಡಲು ಆ ಮಗು ಪಕ್ಕದಲ್ಲೇ ನಿಂತಿರುತ್ತದೆ.